ಮುದಿ ಫೋನಿನ ಬೀಟಾ ಯೋಗ

ಹೊಸ ಫೋನಿಗೆ ಬೀಟಾ ಹಾಕೋದು ಹುಂಬತನ, ಹಳೇದಕ್ಕೆ ಹಾಕೋದು ಮೋಜು ಅಂತ ನನ್ನ ವಾದ. ನಮ್ಮನೆಯವರು ಒಪ್ಪಲ್ಲ, ಎರಡೂ ಕೆಲಸವಿಲ್ಲದವರ ಕೆಲಸ ಅಂತಾರೆ. ಇರಲಿ ಬಿಡಿ. ಬ್ಯಾಂಕಿನ ಓಟಿಪಿ ಬರೋ, ಗ್ಯಾಸ್ ಬುಕ್ ಮಾಡೋ, ಮಗಳು ವಿಡಿಯೋ ಕಾಲ್ ಮಾಡೋ ಫೋನಿಗೆ ಬಿಡುಗಡೆಗೆ ಮುಂಚಿನ ಈ ಅರೆಬೆಂದ ತಂತ್ರಾಂಶ ತುಂಬಿ ಆಮೇಲೆ ಬಾಯಿ ಬಾಯಿ ಬಡ್ಕೊಳ್ಳೋದು ಯಾಕೆ ಹೇಳಿ? ಅದೇ ಮೇಜಿನ ಡ್ರಾಯರಲ್ಲಿ, ಅವಧಿ ಮುಗಿದ ಗ್ಯಾರಂಟಿ ಕಾರ್ಡು, ರಬ್ಬರ್ ಬ್ಯಾಂಡು, ಯಾವುದಕ್ಕೂ ಕೂರದ ಚಾರ್ಜರುಗಳ ಜತೆ ಒಂದು ಫೋನು ಮಲಗಿರುತ್ತಲ್ಲ, ಅದಕ್ಕೆ ಹಾಕಿ. ಕೆಟ್ಟರೆ ಕೆಟ್ಟಿತು. ಅಲ್ವಾ?

ನಮ್ಮ ಡ್ರಾಯರಲ್ಲಿ ಇದ್ದದ್ದು ಐಫೋನ್ 5ಎಸ್. 2013ರ ಮಾಲು. ನಾಲ್ಕಿಂಚಿನ ಪರದೆ, 1 ಜಿಬಿ ರ‍್ಯಾಮು. ಈಗಿನ ಹುಡುಗರಿಗೆ ಹೇಳಿದರೆ ಮುಖ ಮುಖ ನೋಡ್ಕೋತಾರೆ. ಅದಕ್ಕೆ ಬೀಟಾ ಯೋಗ ಕೂಡಿಬಂದದ್ದು 2018ರಲ್ಲಿ, ಐಫೋನಿನ ತಂತ್ರಾಂಶ ಐಓಎಸ್ 12ರ ಕಾಲಕ್ಕೆ.

ಆ ವರ್ಷದ ಕಥೆ ನಿಮಗೂ ಗೊತ್ತಿರುತ್ತೆ. ಹಿಂದಿನ ಡಿಸೆಂಬರಿನಲ್ಲೇ ಆಪಲ್‌ನವರು, ಬ್ಯಾಟರಿ ಸವೆದ ಫೋನುಗಳ ಓಟಕ್ಕೆ ನಾವೇ ಕಡಿವಾಣ ಹಾಕ್ತಾ ಇದ್ದೆವು ಅಂತ ಒಪ್ಪಿಕೊಂಡು, 29 ಡಾಲರಿಗೆ ಬ್ಯಾಟರಿ ಬದಲಿಸಿ ಕೊಡ್ತೀವಿ ಅಂದಿದ್ದರು. ಜನಕ್ಕೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಂಥಾದ್ದರಲ್ಲಿ ಜೂನ್ 4ಕ್ಕೆ ಸ್ಯಾನ್ ಹೊಸೆಯ ವೇದಿಕೆ ಮೇಲೆ ಆಪಲ್ಲಿನ ತಂತ್ರಾಂಶ ಮುಖ್ಯಸ್ಥ ಕ್ರೇಗ್ ಫೆಡರಿಗಿ ಬಂದು, ಈ ಸಲ ತೀರಾ ಹಳೇ ಫೋನುಗಳ ಕಡೆಗೇ ನಮ್ಮ ಹೆಚ್ಚಿನ ಗಮನ ಅನ್ನೋ ಧಾಟಿಯಲ್ಲಿ ಮಾತಾಡಿದರು. ಐಫೋನ್ 6 ಪ್ಲಸ್‌ನಲ್ಲಿ ಪರೀಕ್ಷೆ ಮಾಡಿದೀವಿ, ಆ್ಯಪು ಶೇ. 40ರಷ್ಟು, ಕೀಲಿಮಣೆ ಶೇ. 50ರಷ್ಟು, ಕ್ಯಾಮೆರಾ ಶೇ. 70ರಷ್ಟು ಬೇಗ ತೆರೀಬಹುದು ಅಂದರು. ನನಗಂತೂ ನಗು ಬಂತು. ಹಳಬರನ್ನ ಮೊದಲ ಪಂಕ್ತಿಗೆ ಕರೆಯೋ ಪದ್ಧತಿ ಈ ಮೊಬೈಲು ಪ್ರಪಂಚದಲ್ಲಿ ಯಾವತ್ತಿತ್ತು?

ಒಳಗಿನ ಮರ್ಮ ಮಾತ್ರ ಸೊಗಸಾಗಿದೆ. ಆ್ಯಪು ಒತ್ತಿದಾಗ ಪ್ರೊಸೆಸರು ಮೊದಲೆಲ್ಲ ನಿಧಾನಕ್ಕೆ ವೇಗ ಏರಿಸಿಕೊಳ್ತಿತ್ತಂತೆ. ಅದು ಪೂರ್ತಿ ಎದ್ದು ನಿಲ್ಲೋ ಹೊತ್ತಿಗೆ ನಮ್ಮ ತಾಳ್ಮೆ ಮುಗಿದಿರುತ್ತಿತ್ತು. 12ರಲ್ಲಿ ಒತ್ತಿದ ಕ್ಷಣಕ್ಕೇ ಪೂರ್ತಿ ವೇಗಕ್ಕೆ ಹಾರಿ, ಕೆಲಸ ಮುಗೀತಲೂ ಇಳಿದುಬಿಡೋ ಏರ್ಪಾಟು. ಇಷ್ಟೇ ಸಂಗತಿ! ಐದು ವರ್ಷ ಯಾಕೆ ಹೊಳೀಲಿಲ್ಲವೋ, ದೇವರೇ ಬಲ್ಲ.

ಜೂನ್ 25ಕ್ಕೆ ಬೀಟಾ ಸಾರ್ವಜನಿಕರಿಗೂ ಸಿಕ್ಕಿತು. ಪಂಕ್ತಿ ಕೂರೋ ಮುಂಚೆ ಸಾರಿನ ಉಪ್ಪು ನೋಡೋ ಕೆಲಸ ನೋಡಿ ಇದು. ಅಡುಗೆಭಟ್ಟರಿಗೂ ಉಪಕಾರ, ನಮ್ಮ ನಾಲಿಗೆ ಚಪಲಕ್ಕೂ ಒಂದು ದಾರಿ. ಆಗೆಲ್ಲ ಒಂದು ಪ್ರೊಫೈಲು ಇಳಿಸ್ಕೋಬೇಕಿತ್ತು, ಫೋನು ಒಂದ್ಸಲ ಆರಿಸಿ ಹಚ್ಚಬೇಕಿತ್ತು, ಆಮೇಲೆ ಕಾಯಬೇಕಿತ್ತು. ಆ ಕಾಯೋದಿದೆಯಲ್ಲ, ಅದರ ಲೆಕ್ಕವೇ ಬೇರೆ. ಇನ್ನು ನಾಲ್ಕು ಗಂಟೆ ಅನ್ನುತ್ತೆ. ನೀವು ಹೋಗಿ ಬೀನ್ಸು ಬಿಡಿಸಿಕೊಂಡು ಬರೋಷ್ಟರಲ್ಲಿ ಒಂಬತ್ತು ನಿಮಿಷ ಅನ್ನುತ್ತೆ. ಖುಷಿಯಾಗಿ ಕೂತರೆ ಆ ಒಂಬತ್ತು ನಿಮಿಷ ಮಾತ್ರ ಕರಗೋದೇ ಇಲ್ಲ.

ಅಂತೂ ಫೋನು ಎದ್ದಿತು. ಕೀಲಿಮಣೆ ಪಟ್ ಅಂತ ಮೇಲೆ ಬಂತು. ಕನ್ನಡದ ಕೀಲಿಮಣೆ ಸಮೇತ! ಅದು ಐಫೋನಿಗೆ ಬಂದದ್ದೇ ಹಿಂದಿನ ವರ್ಷ, ಐಓಎಸ್ 11ರಲ್ಲಿ. ಅಲ್ಲಿವರೆಗೆ ಬೇರೆಯವರ ಕೀಲಿಮಣೆ ಹಾಕ್ಕೋಬೇಕು, ಇಲ್ಲಾ ಇಂಗ್ಲಿಷ್ ಅಕ್ಷರದಲ್ಲೇ 'ಊಟ ಆಯ್ತಾ' ಅಂತ ಒದ್ದಾಡಬೇಕು.

ಅಕ್ಷರ ಅಂದಾಗ ನೆನಪಾಯ್ತು. ಅದೇ 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು 'ಜ್ಞಾ' ಜಗತ್ತಿನ ಐಫೋನುಗಳನ್ನೆಲ್ಲ ನಡುಗಿಸಿತ್ತಲ್ಲ, ಮರೆತ್ರಾ? ಸಂದೇಶದಲ್ಲಿ ಆ ಅಕ್ಷರ ಬಂದರೆ ಸಾಕು, ಆ್ಯಪು ಮಕಾಡೆ. ಅದರೊಳಗೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಚಿಹ್ನೆ ಅಡಗಿ ಕೂತಿತ್ತು. ನಾವು 'ರಾಜ್‌ಕುಮಾರ್' ಅಂತ ಟೈಪ್ ಮಾಡುವಾಗ ಜಕಾರಕ್ಕೆ ಕಕಾರ ಒತ್ತಾಗದ ಹಾಗೆ ನಡುವೆ ತುರುಕ್ತೀವಲ್ಲ, ಅದೇ ಚಿಹ್ನೆ. ಫೆಬ್ರವರಿ 19ಕ್ಕೆ 11.2.6 ಬಿಟ್ಟು ಸರಿಮಾಡಿದರು. ತಮಾಷೆ ಅಂದರೆ, ಆಗ 11.3ರ ಬೀಟಾ ಹಾಕಿಕೊಂಡವರಿಗೆ ಅದರ ಬಿಸಿಯೇ ತಟ್ಟಲಿಲ್ಲ. ಬೆಂದದ್ದು ಕೈಕೊಟ್ಟಿತು, ಅರೆಬೆಂದದ್ದು ಬಚಾವಾಯಿತು! ನಮ್ಮನೆಯವರ ಬಾಯಿ ಮುಚ್ಚಿಸೋಕೆ ನಾನು ಬಳಸೋ ಅಸ್ತ್ರ ಇದು.

ಎಲ್ಲಿದ್ದೆ? ಹಾಂ, ಬೀಟಾ. ಅದರ ಆವೃತ್ತಿ ಸಂಖ್ಯೆಯ ಕೊನೇಲಿ ಒಂದು ಸಣ್ಣ ಇಂಗ್ಲಿಷ್ ಅಕ್ಷರ ಅಂಟಿಕೊಂಡಿರುತ್ತೆ, ಗಮನಿಸಿದೀರಾ? ಐಓಎಸ್ 12ರ ಮೊದಲನೇ ಬೀಟಾದಲ್ಲಿ ಅದು 'ಕ್ಯೂ'. ಆಮೇಲೆ 'ಇ', 'ಡಿ', 'ಎಫ್' ಅಂತ ಹಿಂದೆ ಮುಂದೆ ಆಡಿಕೊಂಡು ಆಗಸ್ಟ್ ಕೊನೇಲಿ 'ಎ'ಗೆ ಬಂದು ನಿಂತಿತು. 'ಎ' ಕಂಡರೆ ಇನ್ನೇನು ಪಂಚಾಂಗ ನೋಡೋದೇ ಬೇಡ, ಬಿಡುಗಡೆ ಹತ್ತಿರ ಅಂತ. ಇದನ್ನೂ ಕೂತು ನೋಡೋ ಜನ ಇದ್ದಾರೆ ಅಂದ್ರೆ! ನಾನೂ ನೋಡ್ತೀನಿ, ಅದು ಬೇರೆ ಮಾತು.

ಆ ದಿನಗಳ ರಾದ್ಧಾಂತಗಳೂ ಕಮ್ಮಿಯಿಲ್ಲ. ಆಗಸ್ಟ್ 13ಕ್ಕೆ ಡೆವಲಪರುಗಳಿಗೆ ಏಳನೇದು ಬಿಟ್ಟರು. ಆ್ಯಪುಗಳೆಲ್ಲ ತೂಕಡಿಸ್ತಿವೆ ಅಂತ ಗದ್ದಲವೆದ್ದು ಅವತ್ತೇ ವಾಪಸ್ ತಗೊಂಡು, 15ಕ್ಕೆ ಎಂಟನೇದು ಕೊಟ್ಟರು. ಆದರೆ ನನಗೆ ಪರಮಪ್ರಿಯವಾದದ್ದು ತಿಂಗಳ ಕೊನೇದು. ಬೀಟಾ ಹಾಕಿಕೊಂಡವರು ಫೋನಿನ ಬೀಗ ತೆಗೆದಾಗೆಲ್ಲ ಒಂದು ಚೀಟಿ ಪ್ರತ್ಯಕ್ಷ: ಹೊಸ ಅಪ್‌ಡೇಟ್ ಬಂದಿದೆ, ದಯವಿಟ್ಟು ಹಾಕಿಕೊಳ್ಳಿ. ಹಾಕ್ಕೊಳ್ಳೋಣ ಅಂತ ಹೋದರೆ ಅಲ್ಲಿ ಏನೂ ಇಲ್ಲ! ಚೀಟಿ ಮುಚ್ಚಿ, ಫೋನು ಕೆಳಗಿಡಿ, ಮತ್ತೆ ಎತ್ತಿ, ಮತ್ತೆ ಅದೇ ದಯವಿಟ್ಟು. ತನ್ನ ಆಯಸ್ಸಿನ ಲೆಕ್ಕವನ್ನೇ ಆ ಬೀಟಾ ತಪ್ಪು ಹಾಕಿಕೊಂಡಿತ್ತು ಅಂತ ಬಲ್ಲವರು ಹೇಳಿದರು. 31ಕ್ಕೆ ಹನ್ನೆರಡನೇ ಬೀಟಾ ಬಂದಮೇಲೇ ಚೀಟಿ ನಿಂತದ್ದು. ಇಲ್ಲದ ವಸ್ತುವನ್ನ ಇಷ್ಟು ವಿನಯದಿಂದ ಯಾರಾದರೂ ಬಡಿಸಿದ್ದುಂಟಾ?

ಸೆಪ್ಟೆಂಬರ್ 17ಕ್ಕೆ ನಿಜವಾದದ್ದೇ ಬಂತು. ಮುಂದಿನ ವರ್ಷ 13 ಬಂದಾಗ 5ಎಸ್‌ಗೆ ಕರೆಯಿರಲಿಲ್ಲ. ಅದು ನ್ಯಾಯವೇ ಬಿಡಿ, 1 ಜಿಬಿಯಲ್ಲಿ ಎಷ್ಟಂತ ಹಿಡಿಸೋದು? ಆದರೂ ಪೂರ್ತಿ ಕೈಬಿಡಲಿಲ್ಲ. 2020ರ ಡಿಸೆಂಬರಿನಲ್ಲಿ 12.5 ಬಂದು ಕೊರೊನಾ ಸಂಪರ್ಕದ ಸೂಚನೆಯ ಸೌಲಭ್ಯ ಕೊಟ್ಟಿತು. 2023ರ ಜನವರಿಯಲ್ಲೂ ಒಂದು ಸುರಕ್ಷತೆಯ ತೇಪೆ, 12.5.7. ಒಂಬತ್ತು ವರ್ಷ ದಾಟಿದ ಫೋನಿಗೆ! ಅದೇ ವಯಸ್ಸಿನ ಬೇರೆ ಫೋನುಗಳು ಅಷ್ಟೊತ್ತಿಗೆ ಮಕ್ಕಳ ಆಟಿಕೆ ಬುಟ್ಟಿ ಸೇರಿ, ಅಲ್ಲಿಂದಲೂ ಹೋಗಿದ್ದವು.

ಅಂದ ಹಾಗೆ, ನಿಮ್ಮ ಮಗ ಹೊಸ ಫೋನು ತಂದುಕೊಟ್ಟ ಅಂದ್ರಲ್ಲ, ಹಳೇದೇನಾಯ್ತು? ಬೆಳಿಗ್ಗೆ ಪ್ಲಾಸ್ಟಿಕ್ ಬಕೆಟ್ಟಿನವನು, ಹಳೇ ಮೊಬೈಲ್ ಕೊಡಿ, ಒಡೆದಿದ್ರೂ ಪರವಾಗಿಲ್ಲ ಅಂತ ಕೂಗ್ತಾ ಹೋದ. ಕೊಟ್ಟುಬಿಟ್ರಾ? ಕೊಟ್ಟಿಲ್ಲ ತಾನೇ? ಹಾಗಾದ್ರೆ ಚಾರ್ಜರು ಸಮೇತ ಒಂದ್ಸಲ ಈ ಕಡೆ ದಾಟಿಸಿ, ಯಾವ ಬೀಟಾ ಹಿಡಿಸುತ್ತೋ ನೋಡೋಣ. ಬಕೆಟ್ ನಾನು ಕೊಡಿಸ್ತೀನಿ.