ಹೆಸರೊಬ್ಬರದು, ಪೀಪಾಯಿ ಇನ್ನೊಬ್ಬರದು

ಪೋರ್ಚುಗಲ್ಲಿನ ಉತ್ತರದಲ್ಲಿ ದೋರು ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವೆಡೆ ಇರುವ ಪೋರ್ಟೊ ನಗರವು ತನ್ನ ಹೆಸರನ್ನು ಹೊತ್ತ ಪೋರ್ಟ್ ವೈನಿನಿಂದ ಜಗದ್ವಿಖ್ಯಾತವಾಗಿದೆಯಾದರೂ, ದ್ರಾಕ್ಷಿ ಬೆಳೆಯುವುದು ನದಿಯ ಮೇಲ್ಭಾಗದ ದೂರದ ಕಣಿವೆಯಲ್ಲಿ, ವೈನ್ ಮಾಗುವುದು ಎದುರು ದಡದ ಗಾಯಾ ಎಂಬ ಬೇರೆಯೇ ಪಟ್ಟಣದ ಗೋದಾಮುಗಳಲ್ಲಿ. ರಫ್ತಾಗುವ ಪೋರ್ಟ್ ಎಲ್ಲವೂ ಗಾಯಾದಿಂದಲೇ ಹೊರಡಬೇಕೆಂಬ 1926ರ ಕಟ್ಟಳೆಯು 1986ರವರೆಗೂ ಜಾರಿಯಲ್ಲಿತ್ತು. ಮದುವೆಯ ಖರ್ಚನ್ನೆಲ್ಲ ಬೀಗರ ತಲೆಗೆ ಕಟ್ಟಿ ಆಮಂತ್ರಣ ಪತ್ರಿಕೆಯಲ್ಲಿ ತನ್ನ ಹೆಸರನ್ನು ಮೊದಲು ಅಚ್ಚುಹಾಕಿಸಿಕೊಂಡ ಯಜಮಾನನ ಜಾಣತನ ಈ ನಗರದ್ದು.

ನಗರದರ್ಶನವನ್ನು ಸಾವೊ ಬೆಂತೊ ರೈಲು ನಿಲ್ದಾಣದಿಂದ ಆರಂಭಿಸುವುದು ಉಚಿತ. ಜಾರ್ಜ್ ಕೊಲಾಸು ಎಂಬ ಕಲಾವಿದನು ಅದರ ಗೋಡೆಗಳ ಮೇಲೆ ಸುಮಾರು 20,000 ಅಜುಲೆಜುಗಳಲ್ಲಿ, ಅಂದರೆ ಚಿತ್ರ ಬರೆದು ಮೆರುಗು ಕೊಟ್ಟು ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳಲ್ಲಿ, ದೇಶದ ಚರಿತ್ರೆಯನ್ನು ಮೂಡಿಸಿರುವುದರಿಂದ, ರೈಲು ತಪ್ಪಿಸಿಕೊಂಡವರಿಗೆ ಇಷ್ಟು ಘನವಾದ ನೆಪವನ್ನು ಒದಗಿಸುವ ನಿಲ್ದಾಣ ವಿರಳ. ಅಲ್ಲಿ ಚಿತ್ರಿತವಾಗಿರುವ, ಉತ್ತರ ಆಫ್ರಿಕಾದ ಸೆವುಟಾ ನಗರದ ಮೇಲಿನ 1415ರ ದಂಡಯಾತ್ರೆಗೆ ಪುರಜನರು ಮಾಂಸವನ್ನೆಲ್ಲ ಹಡಗಿಗೆ ತುಂಬಿಸಿ, ಜಠರ ಕರುಳುಗಳನ್ನಷ್ಟೇ ತಾವು ಉಂಡರೆಂಬ ಐತಿಹ್ಯವಿದ್ದು, ಆ ತ್ಯಾಗವು ಬಿಳಿ ಬೀನ್ಸ್ ಕಾಳಿನೊಡನೆ ಬೆಂದು ಇಂದಿಗೂ ತಟ್ಟೆಗೆ ಬರುತ್ತದೆ. ಸಸ್ಯಾಹಾರಿ ಕನ್ನಡಿಗರು ಈ ಇತಿಹಾಸವನ್ನು ಗೋಡೆಯ ಮೇಲೆಯೇ ಗೌರವಿಸುವುದು ಕ್ಷೇಮ. 1906ರ ಲೆಲ್ಲೊ ಪುಸ್ತಕದಂಗಡಿಗೆ ಪ್ರವೇಶಶುಲ್ಕವಿದ್ದು, ಪುಸ್ತಕ ಕೊಂಡರೆ ಅದನ್ನು ಬೆಲೆಯಲ್ಲಿ ವಜಾ ಮಾಡಲಾಗುತ್ತದೆ. ಕೊಳ್ಳದೆ ಪುಟ ತಿರುವುವವರ ಮೇಲೆ ವಿಧಿಸಿದ ಇಂಥ ನ್ಯಾಯವಾದ ತೆರಿಗೆ ಇನ್ನೊಂದಿಲ್ಲ.

ಗಾಯಾಕ್ಕೆ ಹೋಗಲು 1886ರ ದೊಂ ಲುಯಿಸ್ ಸೇತುವೆಯಿದೆ. ಎರಡು ಅಂತಸ್ತಿನ ಈ ಕಬ್ಬಿಣದ ಕಮಾನಿನ ಮೇಲ್ಭಾಗದಲ್ಲಿ ಮೆಟ್ರೋ ರೈಲೂ ಪಾದಚಾರಿಗಳೂ ಜೊತೆಯಾಗಿಯೇ ಸಾಗುವುದರಿಂದ, ಅದನ್ನು ವೈನ್ ರುಚಿ ನೋಡುವ ಮೊದಲೇ ದಾಟಿಬಿಡುವುದು ವಿವೇಕ. ಪೋರ್ಟ್ ವೈನ್ ಎಂದರೆ, ರಸವು ಹುಳಿಯುತ್ತಿರುವಾಗಲೇ ದ್ರಾಕ್ಷಿಯ ಮದ್ಯಸಾರವನ್ನು ಬೆರೆಸಿ ಆ ಕ್ರಿಯೆಯನ್ನು ನಡುವೆ ನಿಲ್ಲಿಸಿದ ಪಾನೀಯ; ಹೀಗಾಗಿ ಸಕ್ಕರೆ ಅದರಲ್ಲಿ ಉಳಿಯುತ್ತದೆ, ಮದ್ಯಾಂಶವೂ ಶೇಕಡಾ 20ರ ಆಸುಪಾಸಿಗೆ ಏರುತ್ತದೆ. ನಾಲಿಗೆಯು ಶರಬತ್ತೆಂದು ಕೊಟ್ಟ ತೀರ್ಪನ್ನು ಮೊಣಕಾಲುಗಳು ಸ್ವಲ್ಪ ತಡವಾಗಿ, ಸಾಮಾನ್ಯವಾಗಿ ಮರಳಿ ಹತ್ತಬೇಕಾದ ಮೆಟ್ಟಿಲುಗಳ ಬುಡದಲ್ಲಿ, ರದ್ದುಪಡಿಸುತ್ತವೆ.

ದ್ರಾಕ್ಷಿ ಬೆಳೆಯುವ ಕಣಿವೆಯ ಪಿನ್ಯಾಂವ್ ಊರಿಗೆ ನದಿಯಂಚಿನ ರೈಲಿನಲ್ಲಿ ಹೋಗುವುದೇ ಸುಖ. ಕಡಿದಾದ ಬೆಟ್ಟಗಳ ಪದರಗಲ್ಲನ್ನು ಒಡೆದು, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಇಲ್ಲಿನ ತೋಟಗಳಿಗೆ 1756ರಲ್ಲಿ ಮಂತ್ರಿ ಪೊಂಬಾಲ್ ಗಡಿ ಗೊತ್ತುಮಾಡಿಸಿ, ಮುಂದೆ ಗಡಿಕಲ್ಲು ನೆಡಿಸಿದ್ದಲ್ಲದೆ, ವೈನಿಗೆ ಕಳ್ಳಬಣ್ಣ ಕಟ್ಟಲು ಬಳಕೆಯಾಗುತ್ತಿದ್ದ ಎಲ್ಡರ್‌ಬೆರಿ ಗಿಡಗಳನ್ನೂ ಕೀಳಿಸಿದನು. ಕಲಬೆರಕೆಯನ್ನು ಅಂಗಡಿಯಲ್ಲಿ ಹಿಡಿಯುವುದಕ್ಕಿಂತ ಬೇರಿನಲ್ಲೇ ಹಿಡಿಯುವ ಪದ್ಧತಿಯಿದು. ಸುಗ್ಗಿಯಲ್ಲಿ ಕೆಲವು ತೋಟಗಳವರು ಲಗಾರ್ ಎಂಬ ಕಲ್ಲುತೊಟ್ಟಿಗಳಲ್ಲಿ ಹೆಗಲಿಗೆ ಹೆಗಲು ಕೊಟ್ಟು ಇಂದಿಗೂ ದ್ರಾಕ್ಷಿ ತುಳಿಯುತ್ತಾರೆ. ಈ ದುಡಿಮೆಗೆ ಪ್ರವಾಸಿಗಳು ತಾವೇ ಹಣ ತೆತ್ತು ಸೇರುವುದು ಕೂಲಿಶಾಸ್ತ್ರಕ್ಕೆ ನಿಲುಕದ ಸಂಗತಿ.

ಹಿಂದೆ ಪೀಪಾಯಿಗಳನ್ನು ಕಣಿವೆಯಿಂದ ತರುತ್ತಿದ್ದ ರಬೆಲು ಎಂಬ ಚಪ್ಪಟೆತಳದ ದೋಣಿಗಳು ಈಗ ಗಾಯಾದ ದಡದಲ್ಲಿ ಜಾಹೀರಾತಾಗಿ ತೇಲುತ್ತಿದ್ದು, ವರ್ಷಕ್ಕೊಮ್ಮೆ ಸಂತ ಜಾನನ ಹಬ್ಬದಂದು, ಜೂನ್ 24ಕ್ಕೆ, ಪಂದ್ಯಕ್ಕಿಳಿಯುತ್ತವೆ. ಅದರ ಹಿಂದಿನ ರಾತ್ರಿ ಊರಿನವರೆಲ್ಲ ಬೀದಿಗಿಳಿದು ಅಪರಿಚಿತರ ನೆತ್ತಿಗೂ ಪ್ಲಾಸ್ಟಿಕ್ ಸುತ್ತಿಗೆಯಿಂದ ಪ್ರೀತಿಪೂರ್ವಕ ಬಡಿಯುವುದರಿಂದ, ಪ್ರವಾಸಿಗಳು ತಮ್ಮದೊಂದು ಸುತ್ತಿಗೆಯನ್ನು ಸಂಜೆಯೇ ಕೊಂಡಿಟ್ಟುಕೊಳ್ಳತಕ್ಕದ್ದು.