ಹತ್ತಕ್ಕೆ ಏಳು, ಸೋಡಾ ಸೇರಿ

ನವಿ ಮುಂಬಯಿಯ ರಬಾಳೆ ಕೈಗಾರಿಕಾ ವಸಾಹತಿನಲ್ಲಿ ದುಡಿದು ಹಣ್ಣಾದ ನಮ್ಮಂಥವರಿಗೆ ವಿಸ್ಕಿಯ ಬಗ್ಗೆ ಅಭಿಪ್ರಾಯ ಇರುವುದಿಲ್ಲ, ಬ್ರ್ಯಾಂಡ್ ಇರುತ್ತದೆ. ಮದುವೆಯ ಹಾಗೆ ಅದನ್ನೂ ಒಮ್ಮೆ ಒಪ್ಪಿಕೊಂಡರೆ ಮುಗಿಯಿತು. ಅಂಥವರ ಮುಂದೆ ಅಮೆರಿಕದಿಂದ ಬಂದ ನನ್ನ ಭಾವಮೈದ ಜಿಮ್ ಬೀಮ್ ಬರ್ಬನ್ ವಿಸ್ಕಿಯ ಬಿಳಿ ಲೇಬಲಿನ ಬಾಟಲಿ ಇಟ್ಟು, "ಸುಮ್ನೆ ಕುಡೀಬೇಡಿ ಭಾವ, ರುಚಿ ನೋಡಿ ಹತ್ತಕ್ಕೆ ಮಾರ್ಕ್ಸ್ ಕೊಡಿ. ಅಗ್ಗದ್ದು, ಬೇಜಾರು ಮಾಡ್ಕೋಬೇಡಿ" ಎಂದ.

ಪರೀಕ್ಷಾ ಮಂಡಳಿಯಲ್ಲಿ ನಾನು, ಪಕ್ಕದ ಫ್ಲ್ಯಾಟಿನ ದಾವಣಗೆರೆಯವರು, ಮತ್ತು ಠಾಣೆ-ಬೇಲಾಪುರ ರಸ್ತೆಯ ಪರ್ಮಿಟ್ ರೂಮ್ ಬಾರೊಂದರ ಗಲ್ಲಾದಲ್ಲಿ ಅರ್ಧ ಆಯುಷ್ಯ ಕಳೆದ ಮೂಲ್ಕಿಯ ಅಣ್ಣ.

ಮೊದಲು ಪಾಠ. ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಅಮೆರಿಕದಲ್ಲೇ ತಯಾರಾಗಬೇಕು. ಧಾನ್ಯದಲ್ಲಿ ಕನಿಷ್ಠ ಶೇಕಡಾ 51 ಮೆಕ್ಕೆಜೋಳ. ಇಡುವುದು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ.

"ಮೆಕ್ಕೆಜೋಳ ಅಂದ್ರೆ ನಮ್ಮ ಕಡೆ ಕೋಳಿಗೆ ಹಾಕೋದಲ್ಲೇನ್ರೀ?" ಎಂದು ದಾವಣಗೆರೆಯವರು ಗ್ಲಾಸನ್ನು ಬೆಳಕಿಗೆ ಹಿಡಿದರು. ಊರಿನ ಬೆಳೆ ಪರದೇಶದಲ್ಲಿ ಈ ಮಟ್ಟಕ್ಕೆ ಬಂತಲ್ಲ ಎಂಬ ಖುಷಿಗೆ, ಕುಡಿಯುವ ಮೊದಲೇ ಒಂದು ಅಂಕ ಕೊಟ್ಟರು.

ಅಣ್ಣ ಲೇಬಲಿನಲ್ಲಿ ಆಲ್ಕೋಹಾಲಿನ ಶೇಕಡಾ ಓದಿದರು. "ಎಂತ ಮಾರಾಯ, ಬರೀ ನಲವತ್ತಾ? ನಮ್ಮ ಕ್ವಾರ್ಟರಿನಲ್ಲಿ 42.8 ಉಂಟಲ್ಲ!" ಬ್ರಿಟಿಷರ ಪ್ರೂಫ್ ಲೆಕ್ಕದ 75 ಡಿಗ್ರಿಯೇ ಆ 42.8. ಅವರು ಹೋದರು, ದಶಮಾಂಶ ಬಿಟ್ಟುಹೋದರು.

ಆಮೇಲೆ ವಾಸನೆ. ಭಾವಮೈದ ಕಣ್ಣು ಮುಚ್ಚಿ "ವೆನಿಲಾ, ಕ್ಯಾರಮೆಲ್" ಎಂದ. ನನ್ನ ಮೂಗಿಗೆ ಸಿಕ್ಕಿದ್ದು ತಳ ಹಿಡಿದ ಕಡಲೆಬೇಳೆ ಪಾಯಸ. ಸುಟ್ಟ ಓಕ್ ಮರ ಬಿಟ್ಟುಕೊಡುವ ಸಿಹಿಯೇ ಅದಂತೆ. ಹಾಗಾದರೆ ನಮ್ಮನೆ ಪಾಯಸವೂ ಪಾಸು. ಕಲಬೆರಕೆ ಹಿಡಿಯುವುದಕ್ಕೆಂದೇ ಜೀವಮಾನವಿಡೀ ಮೂಸಿದ್ದ ಅಣ್ಣ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಮಾಲು ಒರಿಜಿನಲ್" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಆಗುವುದಿಲ್ಲ. ಅವನ್ನು ಸ್ಕಾಟ್ಲೆಂಡಿನವರು ಕೊಳ್ಳುತ್ತಾರೆ, ನಮ್ಮ ಬೆಂಗಳೂರಿನ ಅಮೃತ್ ಕೂಡ ತನ್ನ ಸಿಂಗಲ್ ಮಾಲ್ಟನ್ನು ಅಂಥವುಗಳಲ್ಲಿ ಇಡುತ್ತದೆ ಎಂದು ತಿಳಿದದ್ದೇ, ನಾಡಭಿಮಾನದ ಲೆಕ್ಕದಲ್ಲಿ ಇನ್ನೂ ಅರ್ಧ ಅಂಕ ಸೇರಿತು.

ಮಗ ಥಮ್ಸ್ ಅಪ್ ಹಿಡಿದು ಮೂಲೆಯಲ್ಲಿದ್ದ. ಮಹಾರಾಷ್ಟ್ರದಲ್ಲಿ ಗಂಡಿಗೆ ಮದುವೆ 21ಕ್ಕೆ, ವಿಸ್ಕಿ 25ಕ್ಕೆ. ಕಾನೂನು ಬರೆದವರು ಸಂಸಾರಸ್ಥರೇ ಇರಬೇಕು. ಚಕ್ಕುಲಿ ತಂದ ನನ್ನವಳು ಅವನ ಗ್ಲಾಸೆತ್ತಿ ಮೂಸಿದಳು. ಆ ಸಂಜೆ ಶಾಸ್ತ್ರೋಕ್ತವಾಗಿ ನಡೆದ ಪರೀಕ್ಷೆ ಅದೊಂದೇ.

ಹಾಗೇ ಕುಡಿದಾಗ ಗಂಟಲು ಚುರ್ ಎಂದಿತು, ಐದು. ಸೋಡಾ ಬಿದ್ದ ಮೇಲೆ ಸಿಹಿ ತಲೆಯೆತ್ತಿತು, ಏಳು. ಅಷ್ಟರಲ್ಲಿ ದಾವಣಗೆರೆಯವರು, "ವಾಶಿಯಾಗೆ ಇದಕ್ಕೆ ಎಷ್ಟು ಬೀಳತ್ರೀ?" ಎಂದುಬಿಟ್ಟರು. ಬರ್ಬನ್ ಮೇಲಿನ ಆಮದು ಸುಂಕ 2025ರ ಫೆಬ್ರವರಿಯವರೆಗೆ ಶೇಕಡಾ 150 ಇತ್ತು. ಇಳಿಸಿ 100 ಮಾಡಿದ್ದಾರೆ. ಅದರ ಮೇಲೆ ರಾಜ್ಯದ ಅಬಕಾರಿ ಬೇರೆ. ಭಾವಮೈದ ಮೊಬೈಲಿನಲ್ಲಿ ಹುಡುಕಿ ಬೆಲೆ ಓದಿದ. ಚಕ್ಕುಲಿ ಮುರಿಯುವ ಸದ್ದು ನಿಂತಿತು.

"ಅಗ್ಗ ಅಂತ ಹೇಳಿದ್ದು ಯಾರಿಗೆ?" ಎಂದರು ಅಣ್ಣ.

"ಹಾಗಾದ್ರೆ ಎಷ್ಟು ಬರೀಲಿ?"

"ಏಳೇ ಬರಿ. ಬರುವ ವರ್ಷವೂ ನೀನೇ ತಂದರೆ ಎಂಟು. ನಾವು ಕೊಳ್ಳುವುದಾದರೆ ನಾಲ್ಕು."