ಸುತ್ತ ನೀರು, ನಡುವೆ ಬಿಲ್

ಕೊಂಡಜ್ಜಿಯಲ್ಲಿ ಸುತ್ತ ನೆಲ, ನಡುವೆ ನೀರು. ದ್ವೀಪದಲ್ಲಿ ಸುತ್ತ ನೀರು, ನಡುವೆ ನೆಲ. ಇರುವ ವ್ಯತ್ಯಾಸ ಇಷ್ಟೇ. ಮೊದಲನೆಯದನ್ನು ನೋಡಲು ದಾವಣಗೆರೆಯಲ್ಲಿ ಬಸ್ಸು ಹತ್ತಿದರೆ ಸಾಕು: ಗುಡ್ಡ, ಕೆರೆ, ದಡದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ, ಬುತ್ತಿ ಬಿಚ್ಚಲು ಮರದ ನೆರಳು. ಎರಡನೆಯದಕ್ಕೆ ಹಿಂದೆಲ್ಲ ಸಾಲ ಬೇಕಿತ್ತು. ಅಗ್ಗದ ವಿಮಾನ ಬಂದ ಮೇಲೆ ಅದೂ ಬೇಡ ಅನ್ನುವುದು ನನ್ನ ಷಡ್ಡಕರ ವಾದ. ಅವರು ಹರಿಹರದವರು. ಅಂಗಡಿ ಗಲ್ಲಾದ ಮೇಲೆ ಕೂತೇ, ಮೊಬೈಲಿನಲ್ಲಿ ಮುಕ್ಕಾಲು ಜಗತ್ತು ಸುತ್ತಿದವರು.

"ಅಣ್ಣಾರೆ, ಬೆಂಗಳೂರಿಂದ ಅಂಡಮಾನಿಗೆ ಬರೀ 4,800! ನೀವು ಕಾರು ಮಾಡ್ಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದ್ರಲ್ಲ, ಅದಕ್ಕಿಂತ ಸೋವಿ."

ಸೋವಿ ನಿಜ. ಆದರೆ ಆ ಮೊತ್ತ ಒಬ್ಬರಿಗೆ, ಒಂದು ಕಡೆಗೆ. ಮನೆಯಲ್ಲಿ ನಾವು ನಾಲ್ಕು ಜನ, ಹೋದವರು ತಿರುಗಿ ಬರಬೇಕೆಂಬ ಆಸೆಯೂ ಉಂಟು. ಎಂಟರಿಂದ ಗುಣಿಸಬೇಕು. ಕರಿನೀರಿನ ಶಿಕ್ಷೆಯ ಕಾಲದಲ್ಲಾದರೆ ಹೋಗುವ ಲೆಕ್ಕವೊಂದೇ ಸಾಕಾಗುತ್ತಿತ್ತು. ಆದರೂ ಗುಣಿಸಿ, ಟಿಕೆಟ್ಟು ಕೊಂಡು ಹೊರಟೇಬಿಟ್ಟೆವು.

ಈ ಹುಚ್ಚು ಹಿಡಿಸಿದವರು ಹೊರಗಿನವರೇನಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಮೊದಲು ಹಾರಿದ್ದು ಬೆಂಗಳೂರು-ಹುಬ್ಬಳ್ಳಿ ನಡುವೆ, ನಮ್ಮನ್ನು ಕೆಳಗೇ ಬಿಟ್ಟು. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯನೇ ಆ ಕಂಪನಿಯ ಗುರುತು. ಕೆಲವು ಸೀಟನ್ನು ಒಂದು ರೂಪಾಯಿಗೂ ಮಾರಿದರು. ಕಂಪನಿ ಆಮೇಲೆ ಕಿಂಗ್‌ಫಿಷರ್ ಪಾಲಾಯಿತು, ಶ್ರೀಸಾಮಾನ್ಯ ಇಳಿದು ಹೋದ. ಉಪಾಯ ಮಾತ್ರ ಉಳಿಯಿತು: ಸೀಟು ಒತ್ತೊತ್ತಾಗಿ ಹಾಕು, ಇಳಿದ ವಿಮಾನವನ್ನು ನಿಲ್ಲಗೊಡದೆ ಮತ್ತೆ ಹಾರಿಸು, ಊಟ, ಕಿಟಕಿ, ಹೆಚ್ಚಿನ ಗಂಟು ಎಲ್ಲವನ್ನೂ ಬೇರೆಬೇರೆಯಾಗಿ ಮಾರು. ನಮ್ಮ ಅವ್ವ ಕೇಳಿದಳು, "ಅಷ್ಟು ದುಡ್ಡು ಕೊಟ್ಟೀರಿ, ಊಟ ಕೊಟ್ರಾ?" ಕೊಡಲಿಲ್ಲವ್ವ, ಮಾರಿದರು.

ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲ. ಅದರ ಮಾತು ಆಗಾಗ ಮೇಲೆದ್ದು, ಒಂದು ಸುತ್ತು ಹೊಡೆದು, ಇದ್ದಲ್ಲೇ ಇಳಿಯುತ್ತದೆ. ಹುಬ್ಬಳ್ಳಿಗೆ ಮೊದಲೇ ಇತ್ತು, 2023ರಲ್ಲಿ ಶಿವಮೊಗ್ಗಕ್ಕೂ ಬಂತು. ಅಗ್ಗದ ಟಿಕೆಟ್ಟು ಸಿಗುವುದು ಮಾತ್ರ ದೇವನಹಳ್ಳಿಯಿಂದ, ಅದೂ ಕೋಳಿ ಕೂಗುವ ಹೊತ್ತಿಗೆ. ಆ ಹೊತ್ತಿಗೆ ಅಲ್ಲಿರಬೇಕಾದರೆ ರಾತ್ರಿಯೇ ಊರು ಬಿಡಬೇಕು. ಗಂಟುಮೂಟೆ, ಮಕ್ಕಳು, ಷಡ್ಡಕರ ಸಂಸಾರ ಎಲ್ಲ ಸೇರಿ ಎರಡು ಬಾಡಿಗೆ ಕಾರು. ಹೋಗುವಾಗ ಖಾಲಿ ಮರಳುವ ಬಾಡಿಗೆಯೂ ನಮ್ಮದೇ, ಬರುವಾಗ ಖಾಲಿ ಬರುವುದೂ ನಮ್ಮದೇ. ನೆಲದ ಮೇಲಿನ ಇನ್ನೂರೈವತ್ತು ಚಿಲ್ಲರೆ ಕಿಲೋಮೀಟರಿಗೆ ಕೊಟ್ಟ ದುಡ್ಡು ನೆನೆದರೆ, ಕಡಲಿನ ಮೇಲಿನ ಸಾವಿರಾರು ಕಿಲೋಮೀಟರನ್ನು ಕಂಪನಿಯವರು ಧರ್ಮಕ್ಕೇ ಕೊಟ್ಟರೆನ್ನಬೇಕು.

ಗಂಟಿನ ಕಥೆ ಬೇರೆ. ತಲೆಗೆ 15 ಕಿಲೋ, ಕೈಚೀಲಕ್ಕೆ 7. ನನ್ನವಳು ಸೂಟ್‌ಕೇಸುಗಳನ್ನು ಪರಿಚಯದ ದಲಾಲಿ ಅಂಗಡಿಗೆ ಒಯ್ದು, ಮೆಕ್ಕೆಜೋಳ ತೂಗುವ ಕಾಟಾದ ಮೇಲೆ ಇಟ್ಟಳು. ಹಮಾಲಿ ಪದ್ಧತಿಯಂತೆ ಚೀಲದ ತೂಕ ಕಳೆಯಲು ಹೋದ. ಅವನನ್ನು ವಿಮಾನ ಕಂಪನಿಯವರು ಕೆಲಸಕ್ಕೆ ಇಟ್ಟುಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಶೇಂಗಾ ಚಟ್ನಿಪುಡಿ ಅರ್ಧಕ್ಕಿಳಿಯಿತು, ಕಟಕ್ ರೊಟ್ಟಿ ಮೂರು ಕಟ್ಟು ಮನೆಯಲ್ಲೇ ಉಳಿಯಿತು. ಒಣ ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಹೊತ್ತಿಕೊಂಡೀತು ಎಂದು ಅದಕ್ಕೆ ವಿಮಾನದಲ್ಲಿ ನಿಷೇಧ. ತೆಂಗಿನ ದ್ವೀಪಕ್ಕೆ ಕೊಬ್ಬರಿ ಒಯ್ಯುವ ಸಾಹಸ ಹೀಗೆ ತಪ್ಪಿತು. ಉಳಿದ ಜಾಗಕ್ಕೆಲ್ಲ ಮಂಡಕ್ಕಿ ಸುರಿದೆವು. ಅಗ್ಗದ ವಿಮಾನಕ್ಕೆಂದೇ ಹುಟ್ಟಿದ ತಿಂಡಿ ಅದು: ಸೂಟ್‌ಕೇಸು ತುಂಬುತ್ತದೆ, ಮುಳ್ಳು ಅಲುಗುವುದಿಲ್ಲ. ದಾವಣಗೆರೆಯ ಭಟ್ಟಿಗಳವರಿಗೆ ಈ ವ್ಯಾಪಾರ ಇನ್ನೂ ಹೊಳೆದಿಲ್ಲ.

ಖರ್ಚು ನಿಜವಾಗಿ ಶುರುವಾಗುವುದು ವಿಮಾನ ಇಳಿದ ಮೇಲೆ. ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ) ತಲುಪಿದರೆ ದ್ವೀಪ ತಲುಪಿದಂತೆ ಎಂದುಕೊಂಡಿದ್ದೆವು. ಜಾಹೀರಾತಿನಲ್ಲಿ ಕಾಣುವ ಬಿಳಿ ಮರಳು ಇರುವುದು ಹ್ಯಾವ್‌ಲಾಕಿನಲ್ಲಿ, ಈಗಿನ ಸ್ವರಾಜ್ ದ್ವೀಪದಲ್ಲಿ. ಅಲ್ಲಿಗೆ ಮತ್ತೆ ಹಡಗು. ಹಡಗಿಗೂ ತಲೆಗಿಷ್ಟು, ಸೀಟಿನ ದರ್ಜೆಗಿಷ್ಟು. ಅಕ್ಕಿ, ಬೇಳೆ, ಸಿಮೆಂಟು ಬಹುಪಾಲು ಚೆನ್ನೈ, ಕೋಲ್ಕತ್ತದ ಕಡೆಯಿಂದ ಕಡಲು ದಾಟಿಯೇ ಬರಬೇಕು. ತಟ್ಟೆಯಲ್ಲಿದ್ದ ಅನ್ನ ನಮಗಿಂತ ಹೆಚ್ಚು ದಿನ ಪ್ರಯಾಣ ಮಾಡಿ ಬಂದಿತ್ತು; ಅದಕ್ಕೂ ಟಿಕೆಟ್ಟು ಬೇಡವೇ? ಇನ್ನು ರೂಮು. ಅಗ್ಗದ ಟಿಕೆಟ್ಟು ಬಂತೆಂದು ದ್ವೀಪವೇನೂ ಉದ್ದವಾಗುವುದಿಲ್ಲ. ಮೊದಲು ಹತ್ತು ಜನ ಕೇಳುತ್ತಿದ್ದ ರೂಮನ್ನು ಈಗ ನೂರು ಜನ ಕೇಳುತ್ತಾರೆ. ವಿಮಾನದಲ್ಲಿ ಉಳಿದ ಹಣವೆಲ್ಲ ಹೋಟೆಲಿನ ಕೌಂಟರಿನಲ್ಲಿ ನಮಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಲಕ್ಷದ್ವೀಪದ್ದು ಇನ್ನೂ ಮೋಜು. ನಕಾಶೆಯಲ್ಲಿ ಅದು ಮಂಗಳೂರಿನ ಮಗ್ಗುಲಲ್ಲೇ ಇದೆ. 2024ರಲ್ಲಿ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನವೂ ಶುರುವಾಯಿತು. ಆದರೆ ಅಗತ್ತಿ ಎಂಬುದು ನೀರಿನ ಮೇಲೆ ಎಳೆದ ಗೆರೆಯಷ್ಟು ಅಗಲ. ರನ್‌ವೇ ಮೋಟು, ಇಳಿಯುವುದು ರೆಕ್ಕೆಗೆ ಪಂಖ ಕಟ್ಟಿದ ಸಣ್ಣ ವಿಮಾನ. ಜನರನ್ನು ಒತ್ತಿ ತುಂಬಿ ಅಗ್ಗ ಮಾಡುವ ಉಪಾಯ ಅಲ್ಲಿ ನಡೆಯುವುದಿಲ್ಲ. ಹೋಗಲು ಪರವಾನಗಿ ಬೇಕು, ರೂಮು ಬೆರಳೆಣಿಕೆ. ಅತ್ತ ಬಾಲಿ, ಫುಕೆಟ್‌ಗಳಲ್ಲಿ ಉದ್ದದ ರನ್‌ವೇ, ದೊಡ್ಡ ವಿಮಾನ, ಗಲ್ಲಿಗೊಂದರಂತೆ ರೂಮು. ಥಾಯ್ಲೆಂಡಿನವರು 2023ರ ಕೊನೆಯಲ್ಲಿ ಭಾರತೀಯರಿಗೆ ವೀಸಾ ಬೇಡವೆಂದದ್ದೇ ತಡ, ನಮ್ಮ ಪಿ.ಜೆ. ಬಡಾವಣೆಯ ವಾಕಿಂಗ್ ಗುಂಪಿನ ಹಿರಿಯರೂ ಫುಕೆಟ್ ದರ ಹೇಳತೊಡಗಿದರು. ಹತ್ತಿರದ ದ್ವೀಪ ದುಬಾರಿ, ದೂರದ್ದು ಸೋವಿ! ಭೂಗೋಳದ ಮೇಷ್ಟ್ರು ಇದನ್ನು ಕಲಿಸಿರಲಿಲ್ಲ.

ಅಂಡಮಾನಿನಿಂದ ಬಂದು ಬೆನ್ನಿನ ಸಿಪ್ಪೆ ಸುಲಿಯುವುದು ನಿಂತಿರಲಿಲ್ಲ, ಷಡ್ಡಕರ ಮೆಸೇಜು ಬಂತು. ಬಾಲಿ. ಬೆಂಗಳೂರಿನಿಂದ ನೇರ. ಇಂದು ರಾತ್ರಿ ಹನ್ನೆರಡರವರೆಗೆ ಮಾತ್ರ ಆ ದರ. "ಟಿಕೆಟ್ ಇಷ್ಟು ಅಗ್ಗ ಅಂದ್ರೆ ಮನ್ಯಾಗ ಕೂತ್ರೇ ನಷ್ಟ, ಅಣ್ಣಾರೆ!"

ನಾನು ಓದಿ ಹೇಳಿದೆ. ನನ್ನವಳು ಒಗ್ಗರಣೆ ಸೌಟು ಕೆಳಗಿಟ್ಟು ಬಂದಳು.

"ಹೂಂ ಅನ್ರಿ. ಈ ಸಲ ಹಂಚ್ಕೊಳ್ಳಾಣ ಅಂತ ಹೇಳ್ರಿ. ಎಲ್ಲಾರ ವಿಮಾನದ ಟಿಕೆಟ್ಟು, ಹೋಗಾದು ಬರಾದು, ನಾವು ಕೊಡ್ತೀವಿ. ಉಳಿದದ್ದು ಅವರು ನೋಡ್ಕೊಳ್ಳಲಿ."

ಹಾಗೇ ಬರೆದು ಕಳಿಸಿದೆ. ಎರಡು ನೀಲಿ ಗೆರೆ ಆಗಲೇ ಬಿದ್ದವು. ವಾರವಾಯಿತು, ಉತ್ತರವಿಲ್ಲ. ನಿನ್ನೆ ಹರಿಹರದ ಸಂತೆಯಲ್ಲಿ ಎದುರಾದಾಗ ಅವರು ನನ್ನೊಂದಿಗೆ ಟೊಮೇಟೊ ರೇಟಿನ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು.